ಚೀಕಲಪರ್ವಿ ಎಂದು ಬರೆದರೆ ಕಂಪ್ಯೂಟರ್ ಏನು ಓದುತ್ತದೆ?

ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಯಾರಾದರೂ ಒಂದು ಸಾಲು ಕೋಡ್ ಬದಲಿಸಿದರೆ ಸಾಕು, ಮೊಜಿಲ್ಲಾ ಸಂಸ್ಥೆಯ ಯಂತ್ರಗಳಲ್ಲಿ ಪರೀಕ್ಷೆಗಳು ಸಾಲುಗಟ್ಟಿ ಓಡತೊಡಗುತ್ತವೆ. ಪುಟ ಸರಿಯಾಗಿ ತೆರೆಯಿತೇ, ಗುಂಡಿ ಒತ್ತಿದರೆ ಕೆಲಸ ಆಯಿತೇ, ಹಿಂದೆ ಸರಿಪಡಿಸಿದ ದೋಷ ಮತ್ತೆ ತಲೆ ಎತ್ತಿತೇ ಎಂದು ಒಂದೊಂದನ್ನೂ ಒಂದೊಂದು ಪುಟ್ಟ ಪ್ರೋಗ್ರಾಮ್ ನೋಡುತ್ತದೆ. ಅಂಥ ಸಾವಿರಾರು ಪರೀಕ್ಷೆಗಳಲ್ಲಿ ಯಾವುದನ್ನು ಓಡಿಸಬೇಕು, ಯಾವುದನ್ನು ವಿಂಡೋಸ್‌ನಲ್ಲಿ ಬಿಡಬೇಕು, ಯಾವುದಕ್ಕೆ ಪಕ್ಕದ ಇನ್ನೊಂದು ಫೈಲು ಜೊತೆಗಿರಬೇಕು ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಪರೀಕ್ಷೆಗಳಿರುವ ಫೋಲ್ಡರಿನಲ್ಲಿ ಅದಕ್ಕೆಂದೇ ಒಂದು ಪಟ್ಟಿ ಇಟ್ಟಿರುತ್ತಾರೆ. ಮೊಜಿಲ್ಲಾದವರು ಅದನ್ನು ಮ್ಯಾನಿಫೆಸ್ಟ್ ಎನ್ನುತ್ತಾರೆ. ಜಾವಾದಲ್ಲಿ ಕೆಲಸ ಮಾಡುವ ಬೆಂಗಳೂರಿನ ಟೆಸ್ಟರುಗಳಿಗೆ ಟೆಸ್ಟ್‌ಎನ್‌ಜಿಯ ಎಕ್ಸ್‌ಎಂಎಲ್ ಫೈಲಾಗಿ, ಪೈಥಾನ್ ಬಳಸುವವರಿಗೆ ಪೈಟೆಸ್ಟ್‌ನ ಐಎನ್‌ಐ ಫೈಲಾಗಿ ಇದೇ ಬಗೆಯ ಪಟ್ಟಿಯ ಪರಿಚಯ ಇದ್ದೇ ಇರುತ್ತದೆ.

ಪಟ್ಟಿ ಎಂದರೆ ಬರೀ ಅಕ್ಷರ. ಅದನ್ನು ಸಾಲುಸಾಲಾಗಿ ಓದಿ, ಇದು ಪರೀಕ್ಷೆಯ ಹೆಸರು, ಇದು ಷರತ್ತು, ಇದು ಟಿಪ್ಪಣಿ ಎಂದು ಬಿಡಿಸಿಕೊಡುವ ಪ್ರೋಗ್ರಾಮಿಗೆ ಪಾರ್ಸರ್ ಎಂದು ಹೆಸರು. ಈ ಪಾರ್ಸರ್ ತಪ್ಪಿದಾಗ ಆಗುವ ಹಾನಿ ವಿಚಿತ್ರವಾದದ್ದು. ಬೇರೆ ಪ್ರೋಗ್ರಾಮು ತಪ್ಪಿದರೆ ಪರೀಕ್ಷೆ ಸೋಲುತ್ತದೆ, ತೆರೆಯ ಮೇಲೆ ಕೆಂಪು ಕಾಣುತ್ತದೆ, ಯಾರಾದರೂ ನೋಡುತ್ತಾರೆ. ಪಟ್ಟಿ ಓದುವ ಪಾರ್ಸರ್ ಒಂದು ಹೆಸರನ್ನು ಬಿಟ್ಟುಬಿಟ್ಟರೆ ಆ ಪರೀಕ್ಷೆ ಓಡುವುದೇ ಇಲ್ಲ. ಓಡದ ಪರೀಕ್ಷೆ ಸೋಲುವುದೂ ಇಲ್ಲ. ಎಲ್ಲವೂ ಹಸಿರಾಗಿರುತ್ತದೆ, ದೋಷ ಒಳಗೇ ಉಳಿದಿರುತ್ತದೆ. ಆದ್ದರಿಂದ ಸಾಫ್ಟ್‌ವೇರ್ ಪರೀಕ್ಷೆಯ ಇಡೀ ಏರ್ಪಾಟಿನಲ್ಲಿ ಅತಿ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಾದದ್ದು ಈ ಸಣ್ಣ ಓದುಗನನ್ನೇ.

ಇಂಥ ಫೈಲು ಹೇಗಿರುತ್ತದೆಂದು ತಿಳಿಯಲು ರಾಯಚೂರು ಜಿಲ್ಲೆಯಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಚೀಕಲಪರ್ವಿ ವಿಜಯದಾಸರ ಊರು. 1682ರಿಂದ 1755ರವರೆಗೆ ಬಾಳಿದ ಅವರು ಒಂದಾದ ಮೇಲೊಂದು ತಾಳದಲ್ಲಿ ಹಾಡುವ ಸುಳಾದಿಗಳಿಗೆ ಹೆಸರಾದ ಹರಿದಾಸರು. ಅಚ್ಚಾದ ಸುಳಾದಿಯೊಂದನ್ನು ತೆರೆದರೆ ಧ್ರುವತಾಳ ಎಂಬ ತಲೆಬರಹ, ಅದರ ಕೆಳಗೆ ಸಾಲುಗಳು, ಮುಂದೆ ಮಟ್ಟತಾಳ, ತ್ರಿವಿಡಿತಾಳ, ಅಟ್ಟತಾಳ, ಆದಿತಾಳ, ಕಡೆಗೆ ಜತೆ. ಒಂದು ತಾಳದ ಹೆಸರು ಬಂದ ಮೇಲೆ ಮುಂದಿನ ಹೆಸರು ಬರುವವರೆಗಿನ ಸಾಲುಗಳೆಲ್ಲ ಆ ತಾಳಕ್ಕೆ ಸೇರಿದವು. ಹಾಡುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊಜಿಲ್ಲಾದ ಪಟ್ಟಿಗಳು ಮೊದಲು ಇದ್ದ ಐಎನ್‌ಐ ಫೈಲಿನ ಕಟ್ಟೂ ಇದೇ. ಚೌಕ ಬ್ರಾಕೆಟ್ಟಿನೊಳಗೆ ಪರೀಕ್ಷೆಯ ಹೆಸರು, ಕೆಳಗೆ ಅದಕ್ಕೆ ಸೇರಿದ ಸೂಚನೆಗಳು, ಮತ್ತೊಂದು ಬ್ರಾಕೆಟ್ ಬಂದಲ್ಲಿ ಹೊಸ ಪರೀಕ್ಷೆ. ಎಲ್ಲಕ್ಕೂ ಮೇಲೆ ಡೀಫಾಲ್ಟ್ ಎಂಬ ಭಾಗವಿದ್ದರೆ ಅಲ್ಲಿಯ ಸೂಚನೆ ಕೆಳಗಿನ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುತ್ತದೆ.

ತಲೆಬರಹದ ಒಂದು ಬ್ರಾಕೆಟ್ ಬಿದ್ದುಹೋದರೆ ಏನಾಗಬೇಕು? ಆ ಸಾಲು ತಲೆಬರಹವಲ್ಲ ಎಂದುಕೊಂಡು ಪಾರ್ಸರ್ ಅದನ್ನು ಮೇಲಿನ ಪರೀಕ್ಷೆಗೆ ಸೇರಿಸಿ ಮುಂದೆ ಹೋದರೆ ಒಂದು ಪರೀಕ್ಷೆ ಕಾಣೆಯಾದಂತೆ. ಒಂದೇ ಹೆಸರಿನ ತಲೆಬರಹ ಎರಡು ಸಲ ಬಂದರೆ? ಪೈಥಾನಿನ ಹಳೆಯ ಐಎನ್‌ಐ ಪಾರ್ಸರ್ ಎರಡನ್ನೂ ಸದ್ದಿಲ್ಲದೆ ಒಂದುಗೂಡಿಸುತ್ತಿತ್ತು, ಒಂದೇ ಸೂಚನೆ ಎರಡು ಕಡೆ ಇದ್ದರೆ ಕೊನೆಯದನ್ನು ಉಳಿಸಿಕೊಳ್ಳುತ್ತಿತ್ತು. 3.2ನೇ ಆವೃತ್ತಿಯಿಂದ ಅದು ನಿಂತು ದೋಷ ಹೇಳುತ್ತದೆ. ಇದು ಸರಿಯಾದ ನಡೆ. ಪಟ್ಟಿಯಲ್ಲಿ ಗೊಂದಲವಿದ್ದರೆ ಊಹೆ ಮಾಡುವುದಕ್ಕಿಂತ ಕೆಲಸ ನಿಲ್ಲಿಸುವುದೇ ಮೇಲು.

ಮೊಜಿಲ್ಲಾದ ಪಾರ್ಸರಿನ ಹೆಸರು ಮ್ಯಾನಿಫೆಸ್ಟ್‌ಪಾರ್ಸರ್. ಪೈಥಾನ್‌ನಲ್ಲಿ ಬರೆದದ್ದು, ಯಾರು ಬೇಕಾದರೂ ತೆರೆದು ಓದಬಹುದು. ಅದರ ಜೊತೆಗಿರುವ ಪರೀಕ್ಷೆಗಳ ಫೋಲ್ಡರ್ ನೋಡಿದರೆ ಈ ಕೆಲಸ ಹೇಗೆ ನಡೆಯುತ್ತದೆಂಬುದು ಅರ್ಥವಾಗುತ್ತದೆ. ಪರೀಕ್ಷೆಯೇ ಇಲ್ಲದ ಪಟ್ಟಿ, ಡೀಫಾಲ್ಟ್ ಭಾಗ ಮಾತ್ರ ಇರುವ ಪಟ್ಟಿ, ಟಿಪ್ಪಣಿಗಳಿರುವ ಪಟ್ಟಿ, ಇಲ್ಲದ ಫೈಲಿನ ದಾರಿ ತೋರಿಸುವ ಪಟ್ಟಿ, ಇನ್ನೊಂದು ಪಟ್ಟಿಯನ್ನು ಒಳಗೆ ಕರೆಯುವ ಪಟ್ಟಿ, ಹೀಗೆ ಬೇಕೆಂದೇ ಬರೆದಿಟ್ಟ ಪುಟ್ಟ ಫೈಲುಗಳು ಅಲ್ಲಿವೆ. ಒಂದೊಂದನ್ನೂ ಪಾರ್ಸರಿಗೆ ಓದಿಸಿ, ಬಂದ ಫಲ ಬರಬೇಕಾದದ್ದೇ ಹೌದೋ ಎಂದು ಹೋಲಿಸುತ್ತಾರೆ.

ಅದರಲ್ಲಿ ಹೆಚ್ಚು ಸೂಕ್ಷ್ಮವಾದ ಭಾಗ ‘ಸ್ಕಿಪ್-ಇಫ್’ ಎಂಬ ಸೂಚನೆ. ಇಂಥ ಸ್ಥಿತಿಯಲ್ಲಿ ಈ ಪರೀಕ್ಷೆ ಬಿಡು ಎನ್ನುವ ಷರತ್ತು ಅದು. ಲಿನಕ್ಸ್ ಆಗಿದ್ದು ಡೀಬಗ್ ಆವೃತ್ತಿಯೂ ಆಗಿದ್ದರೆ ಬಿಡು, ಅಥವಾ ವಿಂಡೋಸ್ ಆಗಿದ್ದರೆ ಬಿಡು ಎಂದು ಬರೆಯಬಹುದು. ಅಂದರೆ ಪಟ್ಟಿಯೊಳಗೇ ಒಂದು ಚಿಕ್ಕ ತರ್ಕದ ಭಾಷೆ ಇದೆ. ಅದಕ್ಕೆ ಇನ್ನೊಂದು ಪಾರ್ಸರ್ ಬೇಕು. ವಾನ್ ಪ್ರ್ಯಾಟ್ ಎಂಬ ಕಂಪ್ಯೂಟರ್ ವಿಜ್ಞಾನಿ 1973ರಲ್ಲಿ ವಿವರಿಸಿದ ವಿಧಾನದಲ್ಲಿ ಅದನ್ನು ಕಟ್ಟಲಾಗಿದೆ. ‘ಮತ್ತು’, ‘ಅಥವಾ’ ಎರಡೂ ಒಂದೇ ಸಾಲಿನಲ್ಲಿ ಬಂದಾಗ ಮೊದಲು ಯಾವುದನ್ನು ಹಿಡಿಯಬೇಕು, ಕಂಸ ಹಾಕಿದರೆ ಏನು ಬದಲಾಗಬೇಕು, ‘ಅಲ್ಲ’ ಎಂಬುದು ಎಷ್ಟು ದೂರದವರೆಗೆ ಮುಟ್ಟಬೇಕು ಎಂಬುದಕ್ಕೆಲ್ಲ ಬೇರೆ ಬೇರೆ ಪರೀಕ್ಷೆಗಳಿವೆ. ಮೇಲಿನ ಡೀಫಾಲ್ಟ್ ಭಾಗದಲ್ಲಿ ಒಂದು ಷರತ್ತು, ಕೆಳಗೆ ಪರೀಕ್ಷೆಯಲ್ಲೇ ಇನ್ನೊಂದು ಷರತ್ತು ಇದ್ದರೆ ಕೆಳಗಿನದು ಮೇಲಿನದನ್ನು ಅಳಿಸುವುದಿಲ್ಲ, ಎರಡೂ ಕೂಡಿಕೊಳ್ಳುತ್ತವೆ. ಇಲ್ಲಿ ತಪ್ಪಾದರೆ ಒಂದು ಪರೀಕ್ಷೆ ಬಿಟ್ಟುಹೋಗುವ ಬದಲು ಇಡೀ ಫೋಲ್ಡರೇ ಬಿಟ್ಟುಹೋಗುತ್ತದೆ.

ಇನ್ನೊಂದು ಸಂಗತಿ ನಿಜಕ್ಕೂ ಯೋಚಿಸಬೇಕಾದದ್ದು. ಮ್ಯಾನಿಫೆಸ್ಟ್‌ಪಾರ್ಸರ್‌ನ ಸ್ವಂತ ಪರೀಕ್ಷೆಗಳ ಹೆಸರುಗಳೂ ಒಂದು ಮ್ಯಾನಿಫೆಸ್ಟಿನಲ್ಲೇ ಇವೆ. ಆ ಮ್ಯಾನಿಫೆಸ್ಟನ್ನು ಓದುವುದು ಅದೇ ಪಾರ್ಸರ್. ಅದು ಕೆಟ್ಟು ಪಟ್ಟಿಯನ್ನು ಖಾಲಿ ಎಂದು ಓದಿದರೆ, ತಾನು ಕೆಟ್ಟಿದ್ದೇನೆಂದು ತೋರಿಸುವ ಪರೀಕ್ಷೆಗಳನ್ನೂ ಓಡಿಸುವುದಿಲ್ಲ. ಈ ಸುತ್ತನ್ನು ಹೊರಗಿನಿಂದಲೇ ಮುರಿಯಬೇಕು. ಓಡಿದ ಪರೀಕ್ಷೆಗಳ ಸಂಖ್ಯೆ ಸೊನ್ನೆಯಾದರೆ ಅದನ್ನು ಗೆಲುವೆಂದು ಎಣಿಸದಿರುವುದು ಅದಕ್ಕೆ ಸರಳ ದಾರಿ. ಪೈಟೆಸ್ಟ್ ಬಹಳ ಹಿಂದೆಯೇ ಇದನ್ನು ಪಾಲಿಸತೊಡಗಿತು: ಒಂದೂ ಪರೀಕ್ಷೆ ಸಿಗದಿದ್ದರೆ ಅದು 5 ಎಂಬ ಸಂಕೇತದೊಂದಿಗೆ ನಿಲ್ಲುತ್ತದೆ, ಯಂತ್ರ ಅದನ್ನು ಸೋಲೆಂದೇ ತಿಳಿಯುತ್ತದೆ. ಪೈಥಾನಿನ ಜೊತೆಗೇ ಬರುವ ಯೂನಿಟ್‌ಟೆಸ್ಟ್‌ಗೆ ಇದೇ ನಿಯಮ ಬಂದದ್ದು 2023ರ 3.12ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಸೊನ್ನೆ ಪರೀಕ್ಷೆ ಓಡಿಸಿಯೂ ‘ಸರಿಯಾಗಿದೆ’ ಎಂಬ ಉತ್ತರ ಪಡೆಯಬಹುದಿತ್ತು.

ಅಕ್ಷರದ ಒಂದು ತಪ್ಪೂ ಇಷ್ಟೇ ಹಾನಿ ಮಾಡಬಲ್ಲದು. ಸೂಚನೆಯ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಪೈಟೆಸ್ಟ್ ಸಾಮಾನ್ಯವಾಗಿ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ನೂರಾರು ಸಾಲುಗಳ ವರದಿಯಲ್ಲಿ ಆ ಎಚ್ಚರಿಕೆಯನ್ನು ಯಾರು ಓದುತ್ತಾರೆ? 2020ರ 6.0 ಆವೃತ್ತಿಯಲ್ಲಿ ಸ್ಟ್ರಿಕ್ಟ್-ಕಾನ್ಫಿಗ್ ಎಂಬ ಆಯ್ಕೆ ಬಂತು. ಅದನ್ನು ಹಾಕಿದರೆ ಗೊತ್ತಿಲ್ಲದ ಹೆಸರು ಕಂಡಲ್ಲೇ ಪೈಟೆಸ್ಟ್ ನಿಲ್ಲುತ್ತದೆ. ಹೊಸದಾಗಿ ಕಲಿಯುವವರು ಮೊದಲ ದಿನವೇ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಪಾರ್ಸರನ್ನು ಪರೀಕ್ಷಿಸಲು ಸರಿಯಾದ ಫೈಲುಗಳಿಗಿಂತ ಕೆಟ್ಟ ಫೈಲುಗಳೇ ಹೆಚ್ಚು ಬೇಕು. 2016ರಲ್ಲಿ ನಿಕೊಲಾ ಸೆರಿಯೊ ಎಂಬವರು ಜೇಸನ್ ಎಂಬ ಬಹು ಬಳಕೆಯ ಬರಹ ರೂಪಕ್ಕೆ ಒಂದು ಪರೀಕ್ಷಾ ಸಂಗ್ರಹ ಮಾಡಿದರು. ಅದರಲ್ಲಿ ಫೈಲಿನ ಹೆಸರಿನ ಮೊದಲ ಅಕ್ಷರವೇ ತೀರ್ಪು ಹೇಳುತ್ತದೆ: ವೈ ಎಂದಿದ್ದರೆ ಪಾರ್ಸರ್ ಒಪ್ಪಲೇಬೇಕು, ಎನ್ ಎಂದಿದ್ದರೆ ತಳ್ಳಲೇಬೇಕು, ಐ ಎಂದಿದ್ದರೆ ಅದು ಪಾರ್ಸರ್ ಬರೆದವರ ಇಷ್ಟ. ಹೆಸರಾಂತ ಪಾರ್ಸರುಗಳೂ ಅಲ್ಲಿ ಒಂದಕ್ಕೊಂದು ಬೇರೆಯಾದ ಉತ್ತರ ಕೊಟ್ಟವು. ಅಷ್ಟು ಸರಳವೆನಿಸಿದ ಬರಹ ರೂಪದಲ್ಲೇ ಹೀಗಾದರೆ ಉಳಿದವುಗಳ ಪಾಡು ಊಹಿಸಬಹುದು.

ಕೆಟ್ಟ ಬರಹವನ್ನು ಯಂತ್ರದಿಂದಲೇ ಹುಟ್ಟಿಸಿ ನೋಡುವ ಪದ್ಧತಿಗೆ ಇನ್ನೂ ಹಳೆಯ ಕಥೆಯಿದೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಗುಡುಗು ಮಳೆಯ ರಾತ್ರಿ ಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ತಂತಿಯ ಗದ್ದಲದಿಂದ ಅವರು ಒತ್ತದ ಅಕ್ಷರಗಳೂ ಆ ಕಡೆ ತಲುಪಿದವು, ಯೂನಿಕ್ಸ್‌ನ ಪ್ರೋಗ್ರಾಮುಗಳು ಕುಸಿದುಬಿದ್ದವು. ಬೇಕೆಂದೇ ಅರ್ಥವಿಲ್ಲದ ಅಕ್ಷರ ಸುರಿದರೆ ಎಷ್ಟು ಪ್ರೋಗ್ರಾಮು ನಿಲ್ಲಬಲ್ಲವು ಎಂದು ಅವರು ವಿದ್ಯಾರ್ಥಿಗಳೊಂದಿಗೆ ನೋಡಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ ಯೂನಿಕ್ಸ್‌ನ ನಿತ್ಯಬಳಕೆಯ ಪ್ರೋಗ್ರಾಮುಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದರಷ್ಟು ಕುಸಿದವು. ಇಂದು ಫಝಿಂಗ್ ಎಂದು ಕರೆಸಿಕೊಳ್ಳುವ ಪರೀಕ್ಷೆ ಶುರುವಾದದ್ದು ಹೀಗೆ.

ಆದರೆ ಕುಸಿಯುವ ಪಾರ್ಸರಿಗಿಂತ ತಪ್ಪಾಗಿ ಒಪ್ಪುವ ಪಾರ್ಸರ್ ಅಪಾಯಕಾರಿ. ಯಾಮ್ಲ್ ಎಂಬ ಬರಹ ರೂಪ ಇದಕ್ಕೆ ಪ್ರಸಿದ್ಧ. ಪರೀಕ್ಷೆಗಳನ್ನು ಯಾವ ಯಾವ ಆವೃತ್ತಿಯಲ್ಲಿ ಓಡಿಸಬೇಕೆಂದು ಕೋಡ್ ಸಂಗ್ರಹಿಸುವ ತಾಣವಾದ ಗಿಟ್‌ಹಬ್‌ಗೆ ಹೇಳುವುದು ಯಾಮ್ಲ್ ಫೈಲಿನಲ್ಲೇ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಬಂದಾಗ ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದವರ ಫೈಲಿನಲ್ಲಿ ಪಾರ್ಸರ್ ಅದನ್ನು ದಶಮಾಂಶ ಸಂಖ್ಯೆ ಎಂದು ಓದಿತು. 3.10 ಮತ್ತು 3.1 ಗಣಿತದಲ್ಲಿ ಒಂದೇ. ಯಂತ್ರ ಎಂದೋ ಮೂಲೆ ಸೇರಿದ್ದ 3.1 ಆವೃತ್ತಿಯನ್ನು ಹುಡುಕಹೊರಟಿತು.

ನಮ್ಮ ಕಡೆಯ ಒಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. ಪೈಥಾನಿನ ಪೈಯಾಮ್ಲ್ ಪಾರ್ಸರ್ ಯಾಮ್ಲ್‌ನ 1.1 ನಿಯಮ ಪಾಲಿಸುತ್ತದೆ. ಆ ನಿಯಮದಂತೆ ಸೊನ್ನೆಯಿಂದ ಶುರುವಾಗಿ 0ಯಿಂದ 7ರವರೆಗಿನ ಅಂಕೆಗಳಷ್ಟೇ ಇರುವ ಸಂಖ್ಯೆ ಎಂಟರ ಮೂಲಮಾನದ್ದು. ಮುಂಬೈಯ ಎಸ್‌ಟಿಡಿ ಸಂಕೇತ 022 ಎಂದು ಬರೆದರೆ ಅದು 18 ಆಗುತ್ತದೆ, ಹೈದರಾಬಾದಿನ 040 ಎಂಬುದು 32 ಆಗುತ್ತದೆ. ರಾಯಚೂರಿನ 08532 ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅದರಲ್ಲಿ 8 ಇದೆ. ಕರ್ನಾಟಕದ ಎಲ್ಲ ಊರುಗಳ ಸಂಕೇತ 08ರಿಂದಲೇ ಶುರು. ಹಾಗಾಗಿ ರಾಜ್ಯದೊಳಗಿನ ಸಂಖ್ಯೆಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ. ಬಸ್ಸಿನ ವೇಳೆಯೂ ಹೀಗೆಯೇ: 9:30 ಎಂದು ಬರೆದರೆ ಅದೇ ಪಾರ್ಸರ್ ಅದನ್ನು ಅರವತ್ತರ ಲೆಕ್ಕದಲ್ಲಿ 570 ಎಂದು ಓದುತ್ತದೆ, 09:30 ಎಂದು ಬರೆದರೆ ಅಕ್ಷರವಾಗಿಯೇ ಬಿಡುತ್ತದೆ.

ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2013ರಲ್ಲಿ ರೂಪಿಸಿದ ಟಾಮ್ಲ್ ಎಂಬ ಬರಹ ರೂಪ ಇಂಥ ಹಲವು ಊಹೆಗಳಿಗೆ ಎಡೆಗೊಡುವುದಿಲ್ಲ. ಸಂಖ್ಯೆಯ ಮುಂದೆ ಸೊನ್ನೆ ಬಂದರೆ ಅದು ದೋಷ, ಅಷ್ಟೇ. ಅದರ 1.0 ಆವೃತ್ತಿ 2021ರಲ್ಲಿ ಬಂತು. 2023ರಲ್ಲಿ ಮೊಜಿಲ್ಲಾ ತನ್ನ ಪರೀಕ್ಷಾ ಪಟ್ಟಿಗಳನ್ನು ಐಎನ್‌ಐಯಿಂದ ಟಾಮ್ಲ್‌ಗೆ ಬದಲಿಸತೊಡಗಿತು. ಆ ಬದಲಾವಣೆಗೂ ಅದರದೇ ಸಿಕ್ಕುಗಳಿದ್ದವು. ಟಾಮ್ಲ್‌ನಲ್ಲಿ ಹೆಸರಿನೊಳಗೆ ಚುಕ್ಕೆ ಬಂದರೆ ಒಂದರೊಳಗೆ ಇನ್ನೊಂದು ಎಂದರ್ಥ. ಪರೀಕ್ಷೆಯ ಫೈಲುಗಳ ಹೆಸರಿನಲ್ಲಿ ಚುಕ್ಕೆ ಇದ್ದೇ ಇರುತ್ತದೆ. ಆದ್ದರಿಂದ ಪ್ರತಿ ಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕಾಯಿತು. ಕನ್ನಡಕ್ಕೂ ಇದು ಮುಖ್ಯ: ಚಿಹ್ನೆಯಿಲ್ಲದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆಗಳಿಗಷ್ಟೇ ಟಾಮ್ಲ್ 1.0 ಅವಕಾಶ ಕೊಡುತ್ತದೆ. ಚೀಕಲಪರ್ವಿ ಎಂದು ಹಾಗೇ ಬರೆದರೆ ದೋಷ, ಉದ್ಧರಣ ಚಿಹ್ನೆಯೊಳಗೆ ಬರೆದರೆ ಸರಿ.

ಕನ್ನಡದಲ್ಲೇ ಪರೀಕ್ಷೆಗಳನ್ನು ಬರೆದಿಡುವ ಅನುಕೂಲವೂ ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 2008ರಲ್ಲಿ ಅಸ್ಲಾಕ್ ಹೆಲ್ಲೆಸೊಯ್ ಶುರುಮಾಡಿದ ಕ್ಯುಕಂಬರ್ ಎಂಬ ಸಾಧನ, ಪರೀಕ್ಷೆಗಳನ್ನು ಆಡುಮಾತಿಗೆ ಹತ್ತಿರವಾದ ಘೆರ್ಕಿನ್ ಎಂಬ ರೂಪದಲ್ಲಿ ಓದುತ್ತದೆ. ಹತ್ತಾರು ಭಾಷೆಗಳಲ್ಲಿ ಅದರ ಪದಗಳು ಸಿಗುತ್ತವೆ. ಅವುಗಳಲ್ಲಿ ಕನ್ನಡವೂ ಒಂದು. ಫೈಲಿನ ಮೊದಲ ಸಾಲಿನಲ್ಲಿ ಭಾಷೆ ಕನ್ನಡ ಎಂದು ಸೂಚಿಸಿದರೆ ಮುಂದೆ ಹೀಗೆ ಬರೆಯಬಹುದು:

ಹೆಚ್ಚಳ: ಬಸ್ ಟಿಕೆಟ್
  ಉದಾಹರಣೆ: ಒಬ್ಬ ಪ್ರಯಾಣಿಕ
    ನೀಡಿದ ಹತ್ತುವ ಊರು ಮಾನ್ವಿ
    ಮತ್ತು ಇಳಿಯುವ ಊರು ಚೀಕಲಪರ್ವಿ
    ಸ್ಥಿತಿಯನ್ನು ಟಿಕೆಟ್ ಗುಂಡಿ ಒತ್ತಲಾಗಿದೆ
    ನಂತರ ಟಿಕೆಟ್ಟಿನಲ್ಲಿ ಎರಡೂ ಊರಿನ ಹೆಸರು ಇರಬೇಕು

ಸಾಲಿನ ಮೊದಲ ಪದವೇ ಪಾರ್ಸರಿಗೆ ಗುರುತು. ಷರತ್ತಿನ ಗುರುತನ್ನು ಉಪವಾಕ್ಯದ ಕೊನೆಯಲ್ಲಿ ಹಾಕುವ ಕನ್ನಡಕ್ಕೆ ಈ ಕಟ್ಟು ಪೂರ್ತಿ ಹೊಂದುವುದಿಲ್ಲ, ಆದರೂ ಬಳಸಲು ಬರುತ್ತದೆ. ಪರೀಕ್ಷಿಸಬೇಕಾದ ಜಾಗ ಬೇರೆ ಇದೆ. ಘೆರ್ಕಿನ್‌ನ ಕನ್ನಡ ಪಟ್ಟಿಯಲ್ಲಿ ‘ಉದಾಹರಣೆ’ ಎಂದರೆ ಒಂದು ಪರೀಕ್ಷೆ, ‘ಉದಾಹರಣೆಗಳು’ ಎಂದರೆ ಪರೀಕ್ಷೆಗೆ ಕೊಡುವ ದತ್ತಾಂಶದ ಕೋಷ್ಟಕ. ಎರಡನೆಯ ಪದದ ಮೊದಲರ್ಧವೇ ಮೊದಲನೆಯ ಪದ. ಅವಸರದ ಪಾರ್ಸರ್ ‘ಉದಾಹರಣೆ’ ಕಂಡೊಡನೆ ಹೊಸ ಪರೀಕ್ಷೆ ಎಂದು ತೀರ್ಮಾನಿಸಿದರೆ ಕೋಷ್ಟಕ ದಿಕ್ಕುತಪ್ಪುತ್ತದೆ. ಹಾಗಾಗದಂತೆ ಪದದ ಬೆನ್ನಿಗೇ ವಿವರಣ ಚಿಹ್ನೆಯ ಎರಡು ಚುಕ್ಕೆ ಇದೆಯೇ ಎಂದು ಪಾರ್ಸರ್ ನೋಡುತ್ತದೆ. ‘ನಂತರ’ ಮುಂತಾದ ಪದಗಳಿಗೆ ಚುಕ್ಕೆಯಿಲ್ಲ, ಅಲ್ಲಿ ಪದದ ಮುಂದಿನ ಖಾಲಿ ಜಾಗವೇ ಗುರುತು. ಆದ್ದರಿಂದಲೇ ‘ನಂತರದ ಬಸ್ಸು’ ಎಂದು ಶುರುವಾಗುವ ಸಾಲನ್ನು ಅದು ‘ನಂತರ’ ಎಂಬ ಸೂಚನೆ ಎಂದು ತಿಳಿಯುವುದಿಲ್ಲ. ಪದಗಳ ನಡುವೆ ಜಾಗ ಬಿಡದ ಜಪಾನಿ ಭಾಷೆಯ ಪಟ್ಟಿಯಲ್ಲಿ ಆ ಖಾಲಿ ಜಾಗವೂ ಇಲ್ಲ.

ಘೆರ್ಕಿನ್ ಪಾರ್ಸರ್ ಜಾವಾ, ರೂಬಿ, ಪೈಥಾನ್, ಗೋ ಮುಂತಾದ ಹಲವು ಭಾಷೆಗಳಲ್ಲಿದೆ. ಬರ್ಪ್ ಎಂಬ ಸಾಧನ ಒಂದೇ ವ್ಯಾಕರಣದಿಂದ ಅವನ್ನೆಲ್ಲ ಹುಟ್ಟಿಸುತ್ತದೆ. ಪರೀಕ್ಷಾ ಫೈಲುಗಳೂ ಎಲ್ಲಕ್ಕೂ ಒಂದೇ. ಗುಡ್ ಎಂಬ ಫೋಲ್ಡರಿನಲ್ಲಿ ಸರಿಯಾದವು, ಬ್ಯಾಡ್ ಎಂಬ ಫೋಲ್ಡರಿನಲ್ಲಿ ಕೆಟ್ಟವು. ಗೊತ್ತಿಲ್ಲದ ಭಾಷೆಯ ಹೆಸರು, ಅರ್ಧಕ್ಕೇ ಮುಗಿದ ಫೈಲು, ಒಂದು ಸಾಲಿನಲ್ಲಿ ಮೂರು ಮನೆ ಇನ್ನೊಂದರಲ್ಲಿ ಎರಡೇ ಮನೆ ಇರುವ ಕೋಷ್ಟಕ ಎಲ್ಲ ಎರಡನೆಯದರಲ್ಲಿವೆ. ಕೆಟ್ಟ ಫೈಲಿನ ಪಕ್ಕದಲ್ಲಿ ಬರಬೇಕಾದ ದೋಷದ ಮಾತನ್ನೂ ಬರೆದಿಟ್ಟಿದ್ದಾರೆ, ಎಷ್ಟನೇ ಸಾಲು, ಎಷ್ಟನೇ ಅಕ್ಷರ ಎಂಬುದರ ಸಮೇತ. ಪಾರ್ಸರ್ ದೋಷ ಕಂಡುಹಿಡಿದರೂ ಬೇರೆ ಸಾಲಿನತ್ತ ಬೆರಳು ತೋರಿಸಿದರೆ ಅದು ಸೋತಂತೆಯೇ. ನೂರಾರು ಸಾಲಿನ ಪಟ್ಟಿಯಲ್ಲಿ ತಪ್ಪು ಹುಡುಕಿದವರಿಗೆ ಈ ಕಟ್ಟುನಿಟ್ಟಿನ ಬೆಲೆ ಗೊತ್ತು.

ಇನ್ನು ಊರ ಹೆಸರುಗಳು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಚೀಕಲಪರ್ವಿ ಎಂಬುದರಲ್ಲಿ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲ ಸೇರಿ 9 ಸಂಕೇತ, ಅಂದರೆ 27 ಬೈಟ್. ಭಾರತದಲ್ಲಿ ಇಂಗ್ಲಿಷ್‌ಗೆ ಹೊಂದಿಸಿದ ವಿಂಡೋಸ್ ಕಂಪ್ಯೂಟರಿನಲ್ಲಿ, ಯಾವ ರೂಪ ಎಂದು ಹೇಳದೆ ಪೈಥಾನಿಗೆ ಫೈಲು ಓದಲು ಕೊಟ್ಟರೆ ಅದು ಪಶ್ಚಿಮ ಯುರೋಪಿನ ಹಳೆಯ 1252 ಎಂಬ ಕೋಷ್ಟಕ ಹಿಡಿದು ಓದುತ್ತಿತ್ತು. ಆ ಕೋಷ್ಟಕದಲ್ಲಿ 5 ಮನೆಗಳು ಖಾಲಿ. ಕನ್ನಡದ ಉಕಾರದ ಚಿಹ್ನೆಯ ಕೊನೆಯ ಬೈಟು ಅಂಥ ಒಂದು ಖಾಲಿ ಮನೆಗೆ ಬೀಳುತ್ತದೆ, ಅರ್ಧಾಕ್ಷರದ ಚಿಹ್ನೆಯದು ಇನ್ನೊಂದಕ್ಕೆ. ಅಂದರೆ ಉಕಾರವಾಗಲಿ ಒತ್ತಕ್ಷರವಾಗಲಿ ಬಂದಲ್ಲೆಲ್ಲ ಓದು ನಿಲ್ಲುತ್ತದೆ. ರಾಯಚೂರು, ಮಾನ್ವಿ, ದೇವದುರ್ಗ, ಚೀಕಲಪರ್ವಿ, ನಾಲ್ಕೂ ಇದಕ್ಕೆ ಸಿಕ್ಕಿಬೀಳುತ್ತವೆ.

‘ಕಮಲ’ ಎಂಬ ಹೆಸರು ಸಿಕ್ಕಿಬೀಳುವುದಿಲ್ಲ. ಅದರಲ್ಲಿ ಉಕಾರವೂ ಇಲ್ಲ, ಒತ್ತೂ ಇಲ್ಲ. ಪಾರ್ಸರ್ ಅದನ್ನು ಯುರೋಪಿನ 9 ಅರ್ಥಹೀನ ಚಿಹ್ನೆಗಳಾಗಿ ಓದಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ. ಆ ಹೆಸರಿನ ಪರೀಕ್ಷೆ ಎಲ್ಲೂ ಸಿಗದೆ ಬಿಟ್ಟುಹೋಗುತ್ತದೆ. ಎರಡರಲ್ಲಿ ಚೀಕಲಪರ್ವಿಯೇ ಒಳ್ಳೆಯ ಪರೀಕ್ಷೆ, ಏಕೆಂದರೆ ಅದು ದೋಷವನ್ನು ಬಯಲಿಗೆ ಎಳೆಯುತ್ತದೆ. ಯುಟಿಎಫ್-8 ಅನ್ನೇ ಸಹಜ ರೂಪವಾಗಿ ಹಿಡಿಯಬೇಕೆಂಬ ತೀರ್ಮಾನವನ್ನು ಪೈಥಾನ್ 3.15ನೇ ಆವೃತ್ತಿಗೆಂದು ಮಾಡಲಾಗಿದೆ. ಹಳೆಯ ಆವೃತ್ತಿಗಳು ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಇನ್ನೂ ಬಹುಕಾಲ ಇರುತ್ತವೆ.

ಇದಕ್ಕಿಂತ ಆಳದ ತೊಡಕೊಂದು ಚೀಕಲಪರ್ವಿಯ ಮೊದಲ ಅಕ್ಷರದಲ್ಲೇ ಇದೆ. ‘ಚೀ’ ಎಂಬಲ್ಲಿಯ ಈಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಇಕಾರದ ಗುಡಿಸು ಮತ್ತು ದೀರ್ಘದ ಚಿಹ್ನೆ ಎಂದು ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಬೈಟುಗಳನ್ನು ಎಣಿಸಿ ನೋಡುವ ಪ್ರೋಗ್ರಾಮಿಗೆ ಒಂದು ಹೆಸರು 27 ಬೈಟಿನದು, ಇನ್ನೊಂದು 30 ಬೈಟಿನದು. ದೇವದುರ್ಗದ ‘ದೇ’ಯಲ್ಲೂ ಇದೇ ಸಮಸ್ಯೆ. ಈ, ಏ, ಐ, ಒ, ಓ ಸ್ವರಗಳ ಐದೂ ಚಿಹ್ನೆಗಳು ಹೀಗೆ ಒಡೆಯಬಲ್ಲವು. ರಾಯಚೂರು, ಮಾನ್ವಿ ಎಂಬ ಹೆಸರುಗಳಲ್ಲಿ ಅಂಥ ಚಿಹ್ನೆ ಇಲ್ಲ. ಅವನ್ನಷ್ಟೇ ಕೊಟ್ಟು ನೋಡಿದರೆ ಪಾರ್ಸರ್ ಗೆದ್ದಂತೆ ಕಾಣುತ್ತದೆ.

ಆ್ಯಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ವ್ಯವಸ್ಥೆ ಎಲ್ಲ ಹೆಸರುಗಳನ್ನೂ ಒಡೆದ ರೂಪದಲ್ಲೇ ಇಡುತ್ತಿತ್ತು. ಅಂಥ ಯಂತ್ರದಲ್ಲಿ ಮಾಡಿದ ‘ಚೀಕಲಪರ್ವಿ’ ಎಂಬ ಪರೀಕ್ಷಾ ಫೈಲು ಜಿಪ್ ಆಗಿ ಲಿನಕ್ಸ್‌ಗೆ ಬಂದರೆ ಅದರ ಹೆಸರು 10 ಸಂಕೇತಗಳದ್ದಾಗಿರಬಹುದು. ಪಟ್ಟಿಯಲ್ಲಿ ಕೀಲಿಮಣೆಯಿಂದ ಟೈಪ್ ಮಾಡಿದ ಹೆಸರು 9 ಸಂಕೇತಗಳದ್ದು. ಪಾರ್ಸರ್ ಎರಡನ್ನೂ ಹೋಲಿಸಿ ಇಂಥ ಫೈಲು ಇಲ್ಲ ಎನ್ನುತ್ತದೆ, ಫೈಲು ಮಾತ್ರ ಕಣ್ಣೆದುರಿಗೇ ಇರುತ್ತದೆ. ಪೈಥಾನ್ ತನ್ನ ಕೋಡಿನೊಳಗಿನ ಹೆಸರುಗಳನ್ನು ತಾನೇ ಒಂದು ರೂಪಕ್ಕೆ ತರುತ್ತದೆ, ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳನ್ನು ತರುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಹೆಸರಿಟ್ಟ ಪರೀಕ್ಷೆ ಕೋಡಿನಲ್ಲಿ ಒಂದು ರೂಪದಲ್ಲೂ ಪಟ್ಟಿಯಲ್ಲಿ ಇನ್ನೊಂದು ರೂಪದಲ್ಲೂ ಇರಲು ಸಾಧ್ಯ.

ಕಾಣದ ಅಕ್ಷರಗಳೂ ಉಂಟು. ಸಾಫ್ಟ್‌ವೇರ್ ಎಂದು ಬರೆಯುವಾಗ ‘ಟ’ದ ಕೆಳಗೆ ‘ವ’ ಒತ್ತಾಗಿ ಕೂರದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಇಡುತ್ತೇವೆ. ಕೆಲವರ ಬರಹದಲ್ಲಿ ಅದು ಪದದ ಕೊನೆಯಲ್ಲೂ ಉಳಿದುಬಿಡುತ್ತದೆ. ಸಾಲಿನ ಕೊನೆಯ ಖಾಲಿ ಜಾಗವನ್ನು ಕತ್ತರಿಸುವ ಪೈಥಾನಿನ ಸೌಲಭ್ಯ ಇದನ್ನು ಕತ್ತರಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಇದು ಖಾಲಿ ಜಾಗವಲ್ಲ. ಕೋಡಿನೊಳಗಿನ ಹೆಸರಿನಲ್ಲಿ ಬಂದರೆ ಪೈಥಾನ್ ದೋಷ ಹೇಳಿ ನಿಲ್ಲುತ್ತದೆ. ಪಟ್ಟಿಯಲ್ಲಿ ಬಂದರೆ ಯಾರೂ ಏನೂ ಹೇಳುವುದಿಲ್ಲ.

ಅಂಕೆಗಳ ವಿಷಯದಲ್ಲಿ ಪೈಥಾನ್ ಉದಾರಿ. ೨೫ ಎಂಬ ಅಕ್ಷರಗಳನ್ನು ಸಂಖ್ಯೆ ಮಾಡು ಎಂದರೆ 25 ಎಂದೇ ಕೊಡುತ್ತದೆ. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯಲ್ಲ ಎನ್ನುತ್ತದೆ. ಒಂದೇ ಪಟ್ಟಿಯನ್ನು ಎರಡೂ ಕಡೆ ಓದುವ ತಂಡಕ್ಕೆ ಇದು ಸಣ್ಣ ವಿಷಯವಲ್ಲ: ಪರೀಕ್ಷೆಗೆ ೨೫ ಸೆಕೆಂಡು ಕಾಯಬೇಕೆಂದು ಬರೆದರೆ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ಇಲ್ಲ.

ಚೀಕಲಪರ್ವಿ, ಮಾನ್ವಿಯಂಥ ಊರುಗಳ ಹೆಸರುಗಳನ್ನೇ ಪರೀಕ್ಷೆಯ ದತ್ತಾಂಶವಾಗಿ ಕೊಟ್ಟರೆ ಪೈಟೆಸ್ಟ್‌ನ ವರದಿಯಲ್ಲಿ ಕನ್ನಡದ ಬದಲು ಯೂನಿಕೋಡ್ ಸಂಖ್ಯೆಗಳ ಸರಮಾಲೆ ಕಾಣುತ್ತದೆ. ಕನ್ನಡವೇ ಕಾಣಬೇಕಾದರೆ ಸಂರಚನೆಯ ಫೈಲಿನಲ್ಲಿ ಒಂದು ಆಯ್ಕೆ ಹಾಕಬೇಕು. ಅದರ ಹೆಸರು ಬಹಳ ಉದ್ದ, ‘ಸಮುದಾಯದ ಬೆಂಬಲ ಪಡೆಯುವ ಹಕ್ಕನ್ನೆಲ್ಲ ಬಿಟ್ಟುಕೊಡುವುದು’ ಎಂಬ ಅರ್ಥವೂ ಅದರೊಳಗಿದೆ. ಇಂಗ್ಲಿಷೇತರ ಹೆಸರುಗಳಿಂದ ಕೆಲವು ಯಂತ್ರಗಳಲ್ಲಿ ತೊಂದರೆಯಾದೀತೆಂಬ ಭಯ ಅದರ ಹಿಂದಿದೆ, ಅದು ಅರ್ಥವಾಗುವಂಥದ್ದೇ. ಆದರೂ ತನ್ನ ಊರಿನ ಹೆಸರು ತನ್ನ ಲಿಪಿಯಲ್ಲಿ ಕಾಣಬೇಕೆನ್ನುವವರು ಹಕ್ಕು ಬಿಟ್ಟುಕೊಡಬೇಕಾದ ಸ್ಥಿತಿ ಬದಲಾಗಬೇಕು. ಅದನ್ನು ಬದಲಿಸಲು ದೋಷಗಳನ್ನು ಒಂದೊಂದಾಗಿ ತೋರಿಸುವ ಪರೀಕ್ಷಾ ಫೈಲುಗಳು ಬೇಕು. ಅವನ್ನು ಬರೆಯಬಲ್ಲವರು ಕನ್ನಡ ಓದಬಲ್ಲವರೇ. ಮೊಜಿಲ್ಲಾ, ಕ್ಯುಕಂಬರ್, ಪೈಟೆಸ್ಟ್ ಮೂರೂ ತೆರೆದ ಕೋಡಿನ ಯೋಜನೆಗಳು. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿಯ ವಿದ್ಯಾರ್ಥಿಯೂ ಮಾನ್ವಿಯ ಪದವಿ ಕಾಲೇಜಿನ ವಿದ್ಯಾರ್ಥಿಯೂ ಒಂದೇ ಬಾಗಿಲಿನಿಂದ ಒಳಗೆ ಹೋಗಬಹುದು.

ಹೋದವರು ಮೊದಲು ಇತ್ಯರ್ಥ ಮಾಡಬೇಕಾದ ಪ್ರಶ್ನೆ ಎರಡು ರೂಪದ ಚೀಕಲಪರ್ವಿಯದು. ಪಾರ್ಸರ್ ತಾನೇ ಎರಡನ್ನೂ ಒಂದು ರೂಪಕ್ಕೆ ತರಬೇಕೆ, ಅಥವಾ ನಿಂತು ದೋಷ ಹೇಳಬೇಕೆ? ಆ್ಯಪಲ್ ಯಂತ್ರಗಳಿಗಾಗಿ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ 2012ರಿಂದ ಹೆಸರುಗಳನ್ನು ಕೂಡಿದ ರೂಪಕ್ಕೆ ತರುವ ಆಯ್ಕೆ ಕೊಟ್ಟಿದೆ. ಆದರೆ ಲಿನಕ್ಸ್‌ನಲ್ಲಿ ಎರಡೂ ರೂಪದ ಫೈಲುಗಳು ಒಂದೇ ಫೋಲ್ಡರಿನಲ್ಲಿ ಒಟ್ಟಿಗೆ ಇರಬಲ್ಲವು. ಅಲ್ಲಿ ಪಾರ್ಸರ್ ತಾನಾಗಿ ಕೂಡಿಸಿದರೆ ಎರಡರಲ್ಲಿ ಒಂದು ಪರೀಕ್ಷೆ ಮಾಯವಾಗುತ್ತದೆ. ಹಾಗಾಗಿ ಪರೀಕ್ಷಾ ಪಟ್ಟಿಯ ಮಟ್ಟಿಗೆ ದೋಷ ಹೇಳುವುದೇ ಸರಿ. ದೋಷದ ಮಾತು ಮಾತ್ರ ಪೂರ್ತಿಯಾಗಿರಬೇಕು: ಪಟ್ಟಿಯ ಇಷ್ಟನೇ ಸಾಲಿನ ಹೆಸರಿನಲ್ಲಿ 9 ಸಂಕೇತಗಳಿವೆ, ಫೋಲ್ಡರಿನಲ್ಲಿರುವ ಅದೇ ರೀತಿ ಕಾಣುವ ಹೆಸರಿನಲ್ಲಿ 10 ಇವೆ, ವ್ಯತ್ಯಾಸ ಎರಡನೆಯ ಸಂಕೇತದಿಂದ ಶುರು. ಬ್ಯಾಡ್ ಫೋಲ್ಡರಿಗೆ ಸೇರಿಸುವ ಫೈಲಿನ ಪಕ್ಕದಲ್ಲಿ ಬರೆದಿಡಬೇಕಾದದ್ದು ಇದೇ ಮಾತು.